ಲೋಟದಂಚಿನ ಲಿಂಬೆ

ಬಾಡಗಂಡಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ರಸ್ತೆಗಳೆಲ್ಲ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಪಾಲು. ಕೃಷ್ಣೆ, ಘಟಪ್ರಭೆಯರ ನೀರು ಕುಡಿದು ಬೆಳೆದ ಈ ಸೀಮೆಯ ಕಬ್ಬು ಹೊಲದಿಂದ ಹೊರಟ ಮೇಲೆ ಮೂರು ದಾರಿ ಹಿಡಿಯುತ್ತದೆ. ಬಹುಪಾಲು ಕಾರ್ಖಾನೆಗೆ ಹೋಗಿ ಸಕ್ಕರೆಯಾಗುತ್ತದೆ, ಅಲ್ಲಿ ಉಳಿದ ಕಾಕಂಬಿ ಡಿಸ್ಟಿಲರಿ ಸೇರಿ ಮದ್ಯಸಾರವಾಗುತ್ತದೆ. ಇನ್ನಷ್ಟು ಗಾಣಕ್ಕೆ ಹೋಗಿ ಬೆಲ್ಲವಾಗಿ ಮಹಾಲಿಂಗಪುರದ ಪೇಟೆ ಮುಟ್ಟುತ್ತದೆ. ಉಳಿದ ಒಂದು ಸಣ್ಣ ಪಾಲು ರಸ್ತೆ ಬದಿಯ ಬೇವಿನ ನೆರಳಿಗೆ ಬಂದು ಕಬ್ಬಿನ ಹಾಲಾಗುತ್ತದೆ. ಈ ಅಧ್ಯಾಯದ ಕೇಂದ್ರ ಆ ಮೂರನೆಯ ದಾರಿ. ಲೋಟದಲ್ಲಿರುವ ಪಾನೀಯದಷ್ಟೇ ಅದರ ಮೇಲೆ, ಪಕ್ಕದಲ್ಲಿ, ಅಂಚಿನಲ್ಲಿ ಇಡುವ ಚೂರುಪಾರುಗಳಿಗೂ ಒಂದು ವಿಜ್ಞಾನವಿದೆ. ಅದನ್ನು ಕಲಿಯಲು ಕಬ್ಬಿನ ಹಾಲಿನ ಅಂಗಡಿಗಿಂತ ಒಳ್ಳೆಯ ಶಾಲೆ ನನಗೆ ತಿಳಿದಿಲ್ಲ.

ಅಂಗಡಿಯವನ ಕೈ ನೋಡಿ. ಸಿಪ್ಪೆ ಕೆರೆದ ಎರಡು ಜಲ್ಲೆಗಳನ್ನು ಒಟ್ಟಿಗೆ ಹಿಡಿದು ಉರುಳೆಗಳ ನಡುವೆ ತೂರಿಸುತ್ತಾನೆ. ಆ ಕಡೆಯಿಂದ ಚಪ್ಪಟೆಯಾಗಿ ಬಂದದ್ದನ್ನು ಎಳೆದು ನಡುವಿಗೆ ಮಡಚುತ್ತಾನೆ. ಅಷ್ಟರಲ್ಲಿ ಗಿರಾಕಿಯ ಮಾತು ಬರುತ್ತದೆ:

"ಕಾಕಾ, ಅಲ್ಲಾ ಜಾಸ್ತಿ ಹಾಕ್ರಿ. ಬರ್ಫ ಬ್ಯಾಡ್ರಿ."

"ಆತು ತಮ್ಮಾ. ಲಿಂಬಿ ಇರ್ಲೇನು?"

"ಲಿಂಬಿ ಬೇಕ್ರಿ, ಅದಿಲ್ದ ಹೆಂಗ ನಡೀತೈತಿ?"

ಮಡಿಕೆಯೊಳಗೆ ಅರ್ಧ ಲಿಂಬೆ, ಒಂದು ತುಂಡು ಹಸಿಶುಂಠಿ. ಮಡಿಕೆ ಮತ್ತೆ ಉರುಳೆಗಳ ನಡುವೆ ಹೋಗುತ್ತದೆ. ಲಿಂಬೆಯ ರಸ, ಸಿಪ್ಪೆ, ಬೀಜ ಎಲ್ಲವೂ ಒಂದೇ ಸಲ ನುಜ್ಜುಗುಜ್ಜಾಗಿ ಹಾಲಿಗೆ ಇಳಿಯುತ್ತದೆ. ನೊರೆಗಟ್ಟಿದ ಹಸಿರು ಲೋಟ ಗಿರಾಕಿಯ ಕೈಗೆ ಬರುವ ಮುನ್ನವೇ ಅದರ ಪರಿಮಳ ಮೂಗಿಗೆ ತಲುಪಿರುತ್ತದೆ.

ಈಗ ಬೆಂಗಳೂರಿನ ಒಂದು ಬಾರಿನ ಕಟ್ಟೆಯ ಹಿಂದೆ ನಿಂತವನನ್ನು ನೆನೆಯಿರಿ. ಕಾಕಂಬಿಯಿಂದ ಇಳಿಸಿದ ರಮ್, ಸಕ್ಕರೆ ಪಾಕ, ಲಿಂಬೆರಸ ಬೆರೆಸಿ ಕುಲುಕಿ ಲೋಟಕ್ಕೆ ಸುರಿದ ಮೇಲೂ ಅವನ ಕೆಲಸ ಮುಗಿದಿಲ್ಲ. ಪುದೀನ ಕುಡಿಯೊಂದನ್ನು ಅಂಗೈ ಮೇಲಿಟ್ಟು ಇನ್ನೊಂದು ಅಂಗೈಯಿಂದ ಒಮ್ಮೆ ತಟ್ಟಿ ಲೋಟದ ಮೇಲೆ ನಿಲ್ಲಿಸುತ್ತಾನೆ. ಇಲ್ಲವೇ ಕಿತ್ತಳೆ ಸಿಪ್ಪೆಯ ಒಂದು ಪಟ್ಟಿಯನ್ನು ಪಾನೀಯದ ಮೇಲೆ ಹಿಡಿದು ತಿರುಚಿ, ಅಂಚಿಗೆ ಸವರಿ, ಒಳಗೆ ಬಿಡುತ್ತಾನೆ. ಇದಕ್ಕೆ ಅವರು ಹೇಳುವ ಹೆಸರು ಗಾರ್ನಿಶ್. ನೋಡುವವರು ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ರಮ್ಮಿನ ಮೂಲವೂ ಕಬ್ಬು, ಪಾಕದ ಮೂಲವೂ ಕಬ್ಬು, ಲಿಂಬೆ ಎರಡೂ ಕಡೆ ಇದೆ. ಬಾಡಗಂಡಿ ಸೀಮೆಯ ಕಾಕಾನೂ ಬೆಂಗಳೂರಿನ ಬಾರಿನವನೂ ಮಾಡುತ್ತಿರುವ ಕೆಲಸ ಒಂದೇ: ಮೂಗಿಗೆ ಬಡಿಸುವುದು. ಬಾರಿನವ ಪರಿಮಳವನ್ನು ಪಾನೀಯದ ಮೇಲೆ ಪ್ರತ್ಯೇಕವಾಗಿ ಇಡುತ್ತಾನೆ, ಕಾಕಾ ಅದನ್ನು ಒಳಕ್ಕೇ ಅರೆದುಬಿಡುತ್ತಾನೆ.

ರುಚಿ ಎಂದು ನಾವು ಕರೆಯುವುದರಲ್ಲಿ ನಾಲಿಗೆಯ ಪಾಲು ನಾವು ನಂಬಿದ್ದಕ್ಕಿಂತ ಬಹಳ ಕಡಿಮೆ. ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ ಎಂಬ ಮಾಂಸರಸದಂಥ ರುಚಿ. ನಾಲಿಗೆಯ ಲೆಕ್ಕ ಹೆಚ್ಚುಕಡಿಮೆ ಇಲ್ಲಿಗೇ ಮುಗಿಯುತ್ತದೆ. ಲಿಂಬೆಯ ಲಿಂಬೆತನ, ಶುಂಠಿಯ ಕಂಪು, ಹಸಿ ಕಬ್ಬಿನ ಹುಲ್ಲುವಾಸನೆ ಇವೆಲ್ಲ ಮೂಗಿನ ಕೆಲಸ. ಮೂಗಿನ ಮೇಲ್ಭಾಗದ ಪೊರೆಯಲ್ಲಿ ನಮಗೆ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಪ್ರಶಸ್ತಿ ಸಂದಿತು. ಇದಕ್ಕೂ ಮುಂಚೆ, 1982ರಲ್ಲಿ, ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಒಂದು ಮುಖ್ಯ ವಿಷಯವನ್ನು ಎತ್ತಿ ತೋರಿಸಿದ್ದರು. ವಾಸನೆಗೆ ಎರಡು ಬಾಗಿಲು. ಉಸಿರೆಳೆದಾಗ ಮೂಗಿನ ಹೊಳ್ಳೆಯಿಂದ ಒಳಬರುವ ವಾಸನೆ ಹೊರಗಿನ ಜಗತ್ತಿನದೆಂದು ಮಿದುಳು ತಿಳಿಯುತ್ತದೆ. ನುಂಗುವಾಗ ಬಾಯಿಂದ ಗಂಟಲ ಹಿಂಬದಿಯ ದಾರಿ ಹಿಡಿದು ಮೂಗಿಗೆ ಏರುವ ವಾಸನೆಯನ್ನೋ, ನಾಲಿಗೆಯದೇ ರುಚಿಯೆಂದು ತಪ್ಪು ವಿಳಾಸಕ್ಕೆ ಬರೆದುಕೊಳ್ಳುತ್ತದೆ.

ನಂಬಿಕೆ ಬರದಿದ್ದರೆ ಮುಂದಿನ ಸಲ ಕಬ್ಬಿನ ಹಾಲು ಕೈಗೆ ಬಂದಾಗ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ಸಿಹಿ ಇರುತ್ತದೆ, ಸ್ವಲ್ಪ ಹುಳಿ ಇರುತ್ತದೆ, ಗಂಟಲಲ್ಲಿ ಶುಂಠಿಯ ಖಾರವೂ ಚುರುಕ್ಕೆನ್ನುತ್ತದೆ. ಅದು ಕಬ್ಬೋ ಬರಿಯ ಸಕ್ಕರೆ ನೀರೋ ಹೇಳುವುದು ಕಷ್ಟ. ಮೂಗು ಬಿಟ್ಟ ಮರುಕ್ಷಣ ಕಬ್ಬು, ಲಿಂಬೆ, ಶುಂಠಿ ಮೂರೂ ಒಟ್ಟಿಗೆ ಬಂದು ನಿಲ್ಲುತ್ತವೆ. ಖಾರ ಮಾತ್ರ ಮೂಗು ಮುಚ್ಚಿದಾಗಲೂ ಉಳಿದದ್ದಕ್ಕೆ ಕಾರಣವಿದೆ. ಶುಂಠಿಯ ಜಿಂಜರಾಲ್ ತಟ್ಟುವುದು ನೋವು ಮತ್ತು ಬಿಸಿಯನ್ನು ಅರಿಯುವ ನರತುದಿಗಳನ್ನು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವುದೂ ಅದೇ ಗ್ರಾಹಕವನ್ನು. 1997ರಲ್ಲಿ ಅದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರು 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಪಡೆದರು.

ಲಿಂಬೆಯ ಪರಿಮಳ ಇರುವುದು ರಸದಲ್ಲಿ ಎಂದು ಬಹಳ ಜನ ಅಂದುಕೊಂಡಿದ್ದಾರೆ. ರಸದಲ್ಲಿರುವುದು ಮುಖ್ಯವಾಗಿ ಹುಳಿ. ಪರಿಮಳದ ಖಜಾನೆ ಇರುವುದು ಸಿಪ್ಪೆಯಲ್ಲಿ. ಒಂದು ಲಿಂಬೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಸಿಪ್ಪೆಯ ತುಂಬ ಸೂಜಿಮೊನೆಯಷ್ಟು ಚುಕ್ಕಿಗಳು ಕಾಣುತ್ತವೆ. ಒಂದೊಂದೂ ಎಣ್ಣೆ ತುಂಬಿದ ಚೀಲ. ಆ ಎಣ್ಣೆಯ ಮುಖ್ಯ ಅಂಶ ಲಿಮೊನೀನ್. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಂತೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಇದೊಂದೇ. ಕಿತ್ತಳೆ ಸಿಪ್ಪೆಯನ್ನು ದೀಪದ ಕುಡಿಯ ಹತ್ತಿರ ಹಿಡಿದು ಹಿಚುಕಿ ಚಟಚಟ ಕಿಡಿ ಹಾರಿಸುವ ಆಟ ನಮ್ಮ ಮನೆಗಳ ಮಕ್ಕಳಿಗೆಲ್ಲ ಗೊತ್ತು. ಪಕ್ಕದವನ ಕಣ್ಣಿಗೆ ಹಿಚುಕಿ ಅಳಿಸುವ ಆಟವೂ ಗೊತ್ತು. ಬಾರಿನವರು ಸಿಪ್ಪೆಯನ್ನು ಬೆಂಕಿಕಡ್ಡಿಯ ಉರಿಯ ಮೇಲೆ ಹಿಚುಕಿ ಮಾಡುವ ಚಮತ್ಕಾರ ಇದೇ ಆಟ.

ಈ ಆಟದ ಒಳಗುಟ್ಟನ್ನು 2018ರಲ್ಲಿ ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಅತಿವೇಗದ ಕ್ಯಾಮೆರಾ ಇಟ್ಟು ಅಳೆದರು. ಸಿಪ್ಪೆಯ ಹೊರಪದರ ಬಿರುಸು, ಒಳಗಿನ ಬಿಳಿಪದರ ಮೆತ್ತಗೆ. ಸಿಪ್ಪೆ ಬಾಗಿದಾಗ ಮೆತ್ತನೆಯ ಪದರ ಅದುಮಿಕೊಂಡು ಎಣ್ಣೆಚೀಲದೊಳಗೆ ಒತ್ತಡ ಏರುತ್ತದೆ. ಒಂದು ಹಂತದಲ್ಲಿ ಬಿರುಸಾದ ಹೊರಪದರ ಬಿರಿದು ಕೂದಲೆಳೆಯಷ್ಟು ತೆಳ್ಳನೆಯ ಚಿಲುಮೆ ಹಾರುತ್ತದೆ. ಅದರ ವೇಗ ಸೆಕೆಂಡಿಗೆ 10 ಮೀಟರಿಗೂ ಹೆಚ್ಚು. ಒಂದು ಮಿಲಿಮೀಟರ್ ದೂರ ಸಾಗುವುದರೊಳಗೆ ಈ ವೇಗ ಮುಟ್ಟಬೇಕಾದರೆ ಭೂಮಿಯ ಗುರುತ್ವದ ಸುಮಾರು 5,000 ಪಟ್ಟು ವೇಗವರ್ಧನೆ ಬೇಕು. ಚಿಲುಮೆ ಗಾಳಿಯಲ್ಲಿ ಒಡೆದು ಮಂಜಾಗಿ ಪಾನೀಯದ ಮೇಲ್ಮೈಯಲ್ಲಿ ಕೂರುತ್ತದೆ. ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಮೇಲೆಯೇ ತೇಲುತ್ತದೆ, ಬೇಗ ಆವಿಯಾಗುತ್ತದೆ, ಲೋಟ ತುಟಿಗೆ ತಂದವರ ಮೂಗಿಗೆ ನೇರ ಹೋಗುತ್ತದೆ. ಮದ್ಯದಲ್ಲಿ ಲಿಮೊನೀನ್ ಚೆನ್ನಾಗಿ ಕರಗುತ್ತದೆ, ಮೊದಲೇ ಬೆರೆಸಿದರೆ ಪರಿಮಳದ ಒಂದಷ್ಟು ಪಾಲು ಒಳಗೇ ಸೆರೆಯಾಗುತ್ತದೆ. ಬಾರಿನವನು ಸಿಪ್ಪೆಯನ್ನು ಕೊನೆಯ ಗಳಿಗೆಗೆ ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ.

ಹಣ್ಣಿನ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಯುರೋಪಿನ ಬಾರುಗಳ ಹಳದಿ ಹಣ್ಣು ದಪ್ಪ ಸಿಪ್ಪೆಯದು, ಉದ್ದಕ್ಕೆ ಸುರುಳಿ ತೆಗೆಯಲು ಬರುತ್ತದೆ. ನಮ್ಮದು ಕಾಗಜಿ ಲಿಂಬೆ, ಹೆಸರೇ ಹೇಳುವಂತೆ ಕಾಗದದಷ್ಟು ತೆಳ್ಳನೆಯ ಸಿಪ್ಪೆ. ಇದರ ದೊಡ್ಡ ತವರು ಇಲ್ಲೇ ಉತ್ತರಕ್ಕಿರುವ ಇಂಡಿ. ಬಾಗಲಕೋಟೆ ಜಿಲ್ಲೆ 1997ರಲ್ಲಿ ಬೇರೆಯಾಗುವವರೆಗೆ ಬೀಳಗಿ, ಜಮಖಂಡಿಗಳೂ ಇಂಡಿಯೂ ಒಂದೇ ಜಿಲ್ಲೆಯಲ್ಲಿದ್ದವು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲಿ, ಆ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ತೆಳ್ಳನೆಯ ಸಿಪ್ಪೆಯಿಂದ ಸುರುಳಿ ತೆಗೆಯಲಾಗದು, ಆದರೆ ಉರುಳೆಗಳ ನಡುವೆ ಇಡಿಯಾಗಿ ಅರೆದರೆ ಎಣ್ಣೆಚೀಲಗಳೆಲ್ಲ ಒಡೆದು ಒಂದು ಹನಿಯೂ ಪೋಲಾಗದೆ ಹಾಲಿಗೆ ಬರುತ್ತದೆ. ಕಾಕಾನ ವಿಧಾನ ಹಣ್ಣಿಗೆ ಹೇಳಿ ಮಾಡಿಸಿದ್ದು.

ಕಬ್ಬಿನ ಹಾಲಿನಲ್ಲಿ ಲಿಂಬೆ ಇನ್ನೂ ಒಂದು ಕೆಲಸ ಮಾಡುತ್ತದೆ. ಜಲ್ಲೆ ಜಜ್ಜಿದ ಕೂಡಲೇ ಅದರೊಳಗಿನ ಫಿನಾಲ್ ಸಂಯುಕ್ತಗಳಿಗೆ ಗಾಳಿಯ ಆಮ್ಲಜನಕ ಸಿಗುತ್ತದೆ. ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಅವೆರಡನ್ನೂ ಕೂಡಿಸಿ ಕಂದುಬಣ್ಣ ಕಟ್ಟಿಸುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಹೀಗೇ. ಲಿಂಬೆ ಹಾಕದ ಕಬ್ಬಿನ ಹಾಲನ್ನು ಪಕ್ಕಕ್ಕಿಟ್ಟು ನೋಡಿ, ಹಸಿರು ಮಾಸಿ ಕಪ್ಪಿಗೆ ತಿರುಗುತ್ತದೆ. ಅದರ ಪಿಎಚ್ 5ರ ಮೇಲೆ ಇರುತ್ತದೆ, ಲಿಂಬೆರಸದ್ದು 2ರ ಆಸುಪಾಸು. ಹುಳಿ ಬಿದ್ದೊಡನೆ ಆ ಕಿಣ್ವದ ಕೈ ನಿಧಾನವಾಗುತ್ತದೆ. ಜೊತೆಗೆ ಲಿಂಬೆಯ ಸಿ ವಿಟಮಿನ್, ಆಗಲೇ ಉತ್ಕರ್ಷಿತವಾದ ಅಣುಗಳನ್ನು ಮರಳಿ ಹಳೆಯ ಸ್ಥಿತಿಗೆ ತರುತ್ತದೆ. ಹಸಿರು ಉಳಿಯುತ್ತದೆ, ಹಸಿರಿನ ಜೊತೆ ತಾಜಾತನದ ನಂಬಿಕೆಯೂ.

ಒಂದೇ ಕಬ್ಬಿನ ರಸಕ್ಕೆ ರಸ್ತೆಯ ಬದಿಯಲ್ಲಿ ಹುಳಿ ಹಿಂಡುತ್ತಾರೆ, ಕಾರ್ಖಾನೆಯೊಳಗೆ ಸುಣ್ಣ ಹಾಕುತ್ತಾರೆ. ಎರಡೂ ಸರಿ. ಹುಳಿಯ ನಡುವೆ ಕುದಿಸಿದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಹರಳು ಕಟ್ಟುವುದಿಲ್ಲ. ಹರಳೇ ಬದುಕಾದ ಕಾರ್ಖಾನೆಗೆ ಅದು ನಷ್ಟ, ಹಾಗಾಗಿ ಸುಣ್ಣದ ನೀರು ಬೆರೆಸಿ ಹುಳಿಯನ್ನು ತಗ್ಗಿಸುತ್ತಾರೆ. ಬೆಲ್ಲದ ಗಾಣದಲ್ಲೂ ಕೊಪ್ಪರಿಗೆಗೆ ಸುಣ್ಣ ಬೀಳುತ್ತದೆ, ಕೊಳೆ ತೆಗೆಯಲು ಬೆಂಡೆಗಿಡದ ಲೋಳೆಯೂ ಬೀಳುತ್ತದೆ. ರಸ್ತೆ ಬದಿಯ ಲೋಟಕ್ಕೆ ಹರಳಿನ ಚಿಂತೆ ಇಲ್ಲ.

ಲಿಂಬೆಯನ್ನು ಇಡಿಯಾಗಿ ಅರೆಯುವುದಕ್ಕೆ ಒಂದು ಬೆಲೆ ಇದೆ. ಲಿಂಬೆ ಜಾತಿಯ ಹಣ್ಣುಗಳ ಬಿಳಿಪದರದಲ್ಲೂ ಬೀಜದಲ್ಲೂ, ಪರಿಮಳದ ಲಿಮೊನೀನ್ ಅಲ್ಲದ, ಕಹಿಯಾದ ಲಿಮೊನಿನ್‌ನ ಪೂರ್ವರೂಪ ಇರುತ್ತದೆ. ಅದಕ್ಕೆ ಕಹಿಯಿಲ್ಲ. ಹಣ್ಣು ಜಜ್ಜಿ, ಹುಳಿಯ ಸಂಪರ್ಕ ಬಂದ ಮೇಲೆ ಅದು ನಿಧಾನವಾಗಿ ಲಿಮೊನಿನ್ ಆಗಿ ಮಾರ್ಪಟ್ಟು ಕಹಿಯಾಗುತ್ತದೆ. ಲಿಂಬೆ ಹಾಕಿದ ಕಬ್ಬಿನ ಹಾಲನ್ನು ಬಾಟಲಿಗೆ ತುಂಬಿಸಿಕೊಂಡು ಜಮಖಂಡಿಯಿಂದ ಮುಧೋಳಕ್ಕೆ ಒಯ್ದು ಕುಡಿದವರಿಗೆ ಕೊನೆಯಲ್ಲಿ ನಾಲಿಗೆಗೆ ಹತ್ತುವ ಕಹಿ ಇದೇ. ಕುಡಿಯುವುದಾದರೆ ಅಲ್ಲಿಯೇ ನಿಂತು ಕುಡಿಯಬೇಕು. ಹೊತ್ತು ಕಳೆದರೆ ಕಹಿಯ ಜೊತೆಗೆ ಲ್ಯೂಕೋನಾಸ್ಟಾಕ್ ಎಂಬ ಸೂಕ್ಷ್ಮಾಣುಗಳೂ ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಲೋಳೆಯಾಗಿ ಪರಿವರ್ತಿಸಲು ಶುರು ಮಾಡಿರುತ್ತವೆ. ಕಡಿದ ಕಬ್ಬು ಬೇಗ ಕಾರ್ಖಾನೆ ಮುಟ್ಟಬೇಕೆಂದು ರೈತರೂ ಕಾರ್ಖಾನೆಯವರೂ ಹೊಡೆದಾಡುವುದರ ಹಿಂದೆ ಈ ಜೀವಿಯೂ ಇದೆ.

ಬಾರಿನವನ ಕಡೆಗೂ ಒಂದು ಒಳ್ಳೆಯ ವಾದವಿದೆ, ಅದು ನಮ್ಮ ಏಪ್ರಿಲ್ ಬಿಸಿಲಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ತಂಪು ಪರಿಮಳದ ವೈರಿ. ಬರ್ಫ ಹಾಕಿದ ಪಾನೀಯದಿಂದ ಗಂಧದ ಅಣುಗಳು ಆವಿಯಾಗುವುದು ಕಡಿಮೆ. ನಾಲಿಗೆಯೂ ತಣ್ಣಗಾಗಿ ಸಿಹಿಯನ್ನು ಮಂದವಾಗಿ ಅರಿಯುತ್ತದೆ. ಸಿಹಿಯ ಸುದ್ದಿಯನ್ನು ನರಕ್ಕೆ ದಾಟಿಸುವ ಒಂದು ಅಯಾನು ನಾಳ ಬಿಸಿಗೆ ಹೆಚ್ಚು, ತಂಪಿಗೆ ಕಡಿಮೆ ತೆರೆದುಕೊಳ್ಳುತ್ತದೆ ಎಂದು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಹೀಗೆ ಒಳಗಿನ ಪರಿಮಳ ತಂಪಿಗೆ ಮಲಗಿದಾಗ, ಪಾನೀಯದ ಹೊರಗೆ ನಿಂತ ಪುದೀನ ಕುಡಿಗೂ ಅಂಚಿನ ಲಿಂಬೆಬಿಲ್ಲೆಗೂ ತಂಪು ತಾಕಿರುವುದಿಲ್ಲ. ಅವು ಗಾಳಿಯ ಶಾಖದಲ್ಲಿವೆ. 40 ಡಿಗ್ರಿಯ ಗಾಳಿಯಲ್ಲಿ ಅವುಗಳಿಂದ ಪರಿಮಳ ಜೋರಾಗಿಯೇ ಏಳುತ್ತದೆ. ಬಾಯಿಗೆ ತಂಪು, ಮೂಗಿಗೆ ಕಂಪು ಎರಡನ್ನೂ ಒಟ್ಟಿಗೆ ಕೊಡಬೇಕಾದರೆ ಗಾರ್ನಿಶ್ ಹೊರಗೇ ಇರಬೇಕು. ಬರ್ಫ ಬೇಡ ಎಂದ ಗಿರಾಕಿಗೆ ಅರೆದ ಲಿಂಬೆ ಸಾಕು. ಬರ್ಫ ಬೇಕೆನ್ನುವವರ ಲೋಟಕ್ಕೆ ಒಂದು ಚೂರು ಸಿಪ್ಪೆಯನ್ನು ಮೇಲೆ ಹಿಚುಕಿ ಕೊಟ್ಟರೆ ರುಚಿ ಏರುತ್ತದೆ. ಹೀರುಗೊಳವೆ ಮಾತ್ರ ಬೇಡ. ಅದು ಮೊದಲ ಬಾಗಿಲನ್ನು, ಹೊಳ್ಳೆಯ ಬಾಗಿಲನ್ನು, ಸುತ್ತಿ ಹೋಗುತ್ತದೆ.

ಪುದೀನವನ್ನು ಅರೆಯದೆ ತಟ್ಟುವುದಕ್ಕೂ ಅರ್ಥವಿದೆ. ಅದರ ಎಣ್ಣೆಯ ಗ್ರಂಥಿಗಳು ಎಲೆಯ ಮೇಲ್ಮೈಯಲ್ಲೇ ಕೂತಿವೆ, ಒಂದು ತಟ್ಟಿಗೆ ಒಡೆಯುತ್ತವೆ. ಎಲೆಯನ್ನೇ ಜಜ್ಜಿದರೆ ಒಳಗಿನ ಹಸಿರುರಸ ಹೊರಬಂದು ಹುಲ್ಲಿನ ಒಗರು ಸೇರುತ್ತದೆ. ನಮ್ಮ ಅಡುಗೆಮನೆಯ ಪುದೀನ ಹೆಚ್ಚಾಗಿ ಸ್ಪಿಯರ್‌ಮಿಂಟ್ ಜಾತಿಯದು, ಅದರ ಪರಿಮಳದ ಮುಖ್ಯ ಅಣು ಕಾರ್ವೋನ್. ಈ ಕಾರ್ವೋನ್ ಅಣುವಿಗೆ ಎಡಗೈ-ಬಲಗೈಗಳ ಹಾಗೆ ಪರಸ್ಪರ ಕನ್ನಡಿಬಿಂಬವಾದ ಎರಡು ರೂಪಗಳಿವೆ. ಪರಮಾಣುಗಳು ಅವೇ, ಸಂಖ್ಯೆ ಅದೇ, ಜೋಡಣೆಯ ಕ್ರಮವೂ ಅದೇ. ಒಂದು ರೂಪ ಪುದೀನದ ಹಾಗೆ ಕಂಪಿಸುತ್ತದೆ. ಇನ್ನೊಂದು ರೂಪ ಉತ್ತರ ಕರ್ನಾಟಕದ ಪ್ರತಿ ಸಂತೆಯಲ್ಲೂ ಕಟ್ಟುಗಟ್ಟಲೆ ಬರುವ ಸಬ್ಬಸಗಿಯ ಬೀಜದಲ್ಲಿದೆ. ಎರಡನ್ನೂ ಬೇರೆ ಬೇರೆಯೆಂದು ಗುರುತಿಸುವ ನಮ್ಮ ಮೂಗು, ಅಣುವಿನ ಎಡಬಲವನ್ನೂ ತಿಳಿಯಬಲ್ಲ ಸೂಕ್ಷ್ಮ ಉಪಕರಣ. ನನಗೆ ಇದು ಇಡೀ ರಸಾಯನಶಾಸ್ತ್ರದಲ್ಲೇ ಅತ್ಯಂತ ಬೆರಗಿನ ಸಂಗತಿಗಳಲ್ಲಿ ಒಂದು.

ಮಜ್ಜಿಗೆಯ ಮೇಲಿನ ಒಗ್ಗರಣೆಯನ್ನೂ ಇದೇ ಸಾಲಿಗೆ ಸೇರಿಸಬೇಕು. ಇಂಗು, ಜೀರಿಗೆ, ಕರಿಬೇವಿನ ಗಂಧದ ಅಣುಗಳು ನೀರಿಗಿಂತ ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತವೆ. ಕಾದ ಎಣ್ಣೆ ಅವನ್ನು ಹೀರಿಕೊಂಡು ಮಜ್ಜಿಗೆಯ ಮೇಲೆ ತೇಲುತ್ತದೆ. ತುಟಿಗೆ ಮೊದಲು ತಾಕುವುದು ಅದೇ. ಬೇಸಿಗೆಯಲ್ಲಿ ಲೋಟದ ಮಜ್ಜಿಗೆಗೆ ಒಗ್ಗರಣೆ ಕೊಡುವ ಅಜ್ಜಿಯೂ ಕಿತ್ತಳೆಸಿಪ್ಪೆ ತಿರುಚುವವನೂ ಒಂದೇ ಭೌತಶಾಸ್ತ್ರ ಬಲ್ಲವರು.

ಪುಸ್ತಕಗಳ ಪ್ರಕಾರ ಕಾಕ್‌ಟೇಲಿನ ಇತಿಹಾಸದಲ್ಲಿ ದೊಡ್ಡ ಗುರುತು ಅಮೆರಿಕದ ಜೆರ್ರಿ ಥಾಮಸ್ 1862ರಲ್ಲಿ ಪ್ರಕಟಿಸಿದ ಕೈಪಿಡಿ. ಹಣ್ಣಿನ ಬಿಲ್ಲೆ, ಸಿಪ್ಪೆ, ಪುದೀನಗಳ ಬಳಕೆ ಅದರಲ್ಲಾಗಲೇ ಇದೆ. ಆದರೆ ಕಬ್ಬಿನ ಸೀಮೆಯವರಿಗೆ ಹೆಚ್ಚು ಹತ್ತಿರವಾಗುವ ಕಥೆ ಹವಾಯಿಯದು. 1950ರ ದಶಕದಲ್ಲಿ ಹೊನೊಲುಲುವಿನ ಹೋಟೆಲೊಂದರಲ್ಲಿ ಹ್ಯಾರಿ ಯೀ ಎಂಬ ಪ್ರಸಿದ್ಧ ಬಾರ್‌ಟೆಂಡರ್ ಇದ್ದ. ಆಗ ಅಲ್ಲಿ ಪಾನೀಯದ ಲೋಟಕ್ಕೆ ಕಬ್ಬಿನ ಕಡ್ಡಿ ಸಿಗಿಸಿ ಕೊಡುವ ರೂಢಿ. ಗಿರಾಕಿಗಳು ಅದನ್ನು ಜಗಿದು ಸಿಪ್ಪೆಯನ್ನು ಸಿಗರೇಟಿನ ಬೂದಿಯ ತಟ್ಟೆಗೆ ಎಸೆಯುತ್ತಿದ್ದರು. ಸಕ್ಕರೆಯ ಅಂಟಿಗೆ ಬೂದಿ ಹತ್ತಿ ತಟ್ಟೆ ತೊಳೆಯುವುದೇ ಗೋಳಾಯಿತು. ಹ್ಯಾರಿ ಯೀ ಕಬ್ಬು ಬಿಟ್ಟು ಆರ್ಕಿಡ್ ಹೂ ಇಟ್ಟ, ಮುಂದೆ ಕಾಗದದ ಪುಟ್ಟ ಕೊಡೆಯೂ ಬಂತು. ಲೋಕದ ತುಂಬ ಹಬ್ಬಿದ ಆ ಹೂವಿನ ಶೋಕಿಯ ಹಿಂದೆ ಜಗಿದು ಉಗುಳಿದ ಕಬ್ಬಿನ ಸಿಪ್ಪೆ ಇದೆ. ಆರ್ಕಿಡ್ಡಿಗೂ ಕೊಡೆಗೂ ಮೂಗಿಗೆ ಕೊಡುವಂಥದ್ದು ಏನೂ ಇಲ್ಲ. ಇವನ್ನು ಮಾತ್ರ ಅಲಂಕಾರ ಎಂದು ಕರೆಯಲು ನನ್ನ ಅಡ್ಡಿಯಿಲ್ಲ.

ಕಣ್ಣಿನ ಪ್ರಭಾವವನ್ನೂ ಹಗುರವಾಗಿ ಕಾಣುವಂತಿಲ್ಲ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಬೋರ್ಡೋ ಪ್ರಯೋಗದಲ್ಲಿ ದ್ರಾಕ್ಷಾರಸ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟರು. ಕಲಿತ ಮೂಗುಗಳೇ ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿ ಬಣ್ಣಿಸಿದವು. ನಮ್ಮ ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದ ನೀಲಿ ಹೂವನ್ನು ಬಿಸಿನೀರಿಗೆ ಹಾಕಿ ಸೋಸಿ, ತಣಿಸಿ, ಲಿಂಬೆ ಹಿಂಡಿದರೆ ನೀಲಿ ನೀರು ಕಣ್ಣೆದುರೇ ನೇರಳೆಯಾಗುತ್ತದೆ. ಹೂವಿನ ಆಂಥೋಸಯನಿನ್ ವರ್ಣಕ ಹುಳಿಗೆ ಆಕಾರ ಬದಲಿಸುವುದರಿಂದ ಹೀಗಾಗುತ್ತದೆ. ಶಾಲೆಯ ಲಿಟ್ಮಸ್ ಕಾಗದದ ಕೆಲಸವನ್ನು ಈಗ ದೊಡ್ಡ ಹೋಟೆಲುಗಳು ಇದೇ ಹೂವಿನಿಂದ ಲೋಟದಲ್ಲಿ ಮಾಡಿ ತೋರಿಸುತ್ತಿವೆ. ಮನೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸಿ. ಆದರೆ ಕಂಡ ಹೂವನ್ನೆಲ್ಲ ಲೋಟಕ್ಕೆ ಇಡಬಾರದು. ಗುಡಿಯ ಮುಂದೆಯೂ ಹೆದ್ದಾರಿಯ ನಡುವೆಯೂ ಚೆಂದಾಗಿ ಅರಳುವ ಕಣಗಿಲೆಯ ಹೂ, ಎಲೆ, ಕಾಂಡ ಎಲ್ಲವೂ ಹೃದಯದ ಬಡಿತ ಕೆಡಿಸುವ ವಿಷ.

ಕಾಕ್‌ಟೇಲಿನ ಮೇಲಿಡುವ ಕೆಂಪು ಚೆರ್ರಿಯ ಕಥೆ ಇನ್ನೂ ಸ್ವಾರಸ್ಯದ್ದು. ಇದರ ಮೂಲ ಏಡ್ರಿಯಾಟಿಕ್ ಸಮುದ್ರದ ಡಾಲ್ಮೇಷಿಯಾ ತೀರ. ಅಲ್ಲಿ ಮರಾಸ್ಕಾ ಎಂಬ ಹುಳಿ ಚೆರ್ರಿಯನ್ನು ಅದರದೇ ಮದ್ಯದಲ್ಲಿ ನೆನೆಹಾಕಿ ಇಡುತ್ತಿದ್ದರು. ಅಮೆರಿಕದಲ್ಲಿ 1920ರ ದಶಕದ ಕೊನೆಗೆ ಆರಿಗಾನ್ ಕೃಷಿ ಕಾಲೇಜಿನ ಅರ್ನೆಸ್ಟ್ ವೀಗಾಂಡ್ ಮದ್ಯವಿಲ್ಲದ ದಾರಿ ಹುಡುಕಿದರು. ಹಣ್ಣಿನ ಬಣ್ಣ ತೆಗೆಯುವ ಉಪ್ಪುನೀರಿಗೆ ಕ್ಯಾಲ್ಸಿಯಂ ಲವಣ ಸೇರಿಸಿದರೆ ಅದು ಹಣ್ಣಿನ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿದು, ಹಣ್ಣು ಮೆತ್ತಗಾಗದಂತೆ ಕಾಪಾಡುತ್ತದೆ. ಆಗ್ರಾದ ಪೇಠಾ ಮಾಡುವವರು ಬೂದುಗುಂಬಳವನ್ನು ಸುಣ್ಣದ ನೀರಲ್ಲಿ ನೆನೆಹಾಕುವುದೂ ಇದೇ ಕಾರಣಕ್ಕೆ. ಬಣ್ಣ ಹೋದ ಹಣ್ಣಿಗೆ ಕೆಂಪು ಬಣ್ಣ ಕೊಟ್ಟು, ಪಾಕದ ಗಟ್ಟಿತನವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ನೆನೆಹಾಕುತ್ತಾರೆ. ಒಮ್ಮೆಗೇ ಗಟ್ಟಿ ಪಾಕಕ್ಕೆ ಹಾಕಿದರೆ ಪರಾಸರಣದಿಂದ ಒಳಗಿನ ನೀರೆಲ್ಲ ಹೊರಬಂದು ಹಣ್ಣು ಸುಕ್ಕಾಗುತ್ತದೆ.

ನಮ್ಮ ಬೇಕರಿಗಳಲ್ಲಿ, ಐಸ್‌ಕ್ರೀಮ್ ಅಂಗಡಿಗಳಲ್ಲಿ, ಎಷ್ಟೋ ಪಾನೀಯಗಳ ಮೇಲೆ ಕೂರುವ ಕೆಂಪು "ಚೆರ್ರಿ" ಬಹಳ ಸಲ ಚೆರ್ರಿ ಮರದ್ದೇ ಅಲ್ಲ. ಅದು ಕರೌಂದಾ, ನಮ್ಮ ಗುಡ್ಡಗಳಲ್ಲಿ ಬೇಸಿಗೆಯ ಕೊನೆಗೆ ಹಣ್ಣಾಗುವ ಕವಳಿಯ ಕುಲಕ್ಕೇ ಸೇರಿದ್ದು. ಹುಳಿಯಾದ, ಹಾಲು ಸುರಿಸುವ, ಪೆಕ್ಟಿನ್ ತುಂಬಿದ ಆ ಕಾಯಿಯ ಬೀಜ ತೆಗೆದು, ಬಣ್ಣ ಕೊಟ್ಟು, ಪಾಕಕ್ಕೆ ಹಾಕಿದರೆ ಚೆರ್ರಿಯ ವೇಷ ಸರಿಯಾಗಿ ಒಪ್ಪುತ್ತದೆ. ಇದರಲ್ಲಿ ಮೋಸ ಕಾಣುವವರಿದ್ದಾರೆ. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಒಳ್ಳೆಯ ಹುಳಿಯೂ ತನ್ನದೇ ಗಾಢ ಬಣ್ಣವೂ ಇರುವ ಹಣ್ಣನ್ನು ಬೋಳಿಸಿ, ಪರರ ಹೆಸರಿಟ್ಟು ಮಾರುತ್ತಿದ್ದೇವೆ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕಾ ವಿಶ್ವವಿದ್ಯಾಲಯವೇ ಇದೆ. ಕವಳಿಯನ್ನು ಕವಳಿಯಾಗಿಯೇ ಪಾಕಕ್ಕಿಟ್ಟು ಲೋಟದ ಮೇಲೆ ಕೂರಿಸುವ ಕೆಲಸ ಈ ಸೀಮೆಯಿಂದಲೇ ಆಗಬೇಕು.

ಇನ್ನು ಎಚ್ಚರದ ಮಾತು. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 21 ಹೋಟೆಲುಗಳ ಲೋಟದಂಚಿನಿಂದ 76 ಲಿಂಬೆಬಿಲ್ಲೆಗಳನ್ನು ತಂದು ಪರೀಕ್ಷಿಸಿದರು. 53ರಲ್ಲಿ ಸೂಕ್ಷ್ಮಾಣುಗಳು ಬೆಳೆದವು. ಲಿಂಬೆಯ ಹುಳಿ ತನ್ನನ್ನು ತಾನೇ ಶುದ್ಧವಾಗಿಟ್ಟುಕೊಳ್ಳುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಂಚಿನ ಬಿಲ್ಲೆಯನ್ನು ಕುಡಿಯುವವರು ಎತ್ತಿ ಪಕ್ಕಕ್ಕಿಡಬಹುದು. ಉರುಳೆಗಳ ನಡುವೆ ಸಿಪ್ಪೆಸಹಿತ ಅರೆದದ್ದನ್ನು ತೆಗೆಯುವ ಹಾಗಿಲ್ಲ, ಸಿಪ್ಪೆಯ ಮೇಲಿನ ಧೂಳು, ಕೊಳೆ, ಔಷಧಿಯ ಶೇಷ ಎಲ್ಲವೂ ಹೊಟ್ಟೆಗೆ. ಬ್ರೆಜಿಲ್‌ನ ಸಾಂಟಾ ಕಟರೀನಾದಲ್ಲಿ 2005ರಲ್ಲಿ ಕಬ್ಬಿನ ಹಾಲು ಕುಡಿದವರಿಗೆ ಚಾಗಾಸ್ ಎಂಬ ರೋಗ ಹರಡಿ ಸಾವುಗಳಾದವು. ರೋಗ ಹೊತ್ತ ಕೀಟಗಳು ಜಲ್ಲೆಯ ಜೊತೆ ಗಾಣದಲ್ಲಿ ಅರೆದುಹೋಗಿದ್ದವು. ಆ ಕೀಟರೋಗ ದಕ್ಷಿಣ ಅಮೆರಿಕದ ಕಡೆಯದು, ನಮ್ಮಲ್ಲಿ ಅದರ ಭಯವಿಲ್ಲ. ಆದರೆ ಗಾಣ ಎಲ್ಲವನ್ನೂ ಅರೆಯುತ್ತದೆ ಎಂಬ ಪಾಠ ಎಲ್ಲ ಊರಿಗೂ ಒಂದೇ.

ಅಂಗಡಿಯವರ ಚರ್ಮಕ್ಕೂ ಲಿಂಬೆಯಿಂದ ಒಂದು ಅಪಾಯವಿದೆ. ಸಿಪ್ಪೆಯ ಎಣ್ಣೆಯಲ್ಲಿ ಫ್ಯೂರನೊಕೌಮರಿನ್ ಎಂಬ ಅಣುಗಳಿವೆ. ಅವು ಚರ್ಮಕ್ಕೆ ಅಂಟಿದ್ದಾಗ ಬಿಸಿಲಿನ ಅತಿನೇರಳೆ ಕಿರಣ ತಾಕಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಆಮೇಲೆ ಕಂದು ಕಲೆ ವಾರಗಟ್ಟಲೆ ಉಳಿಯುತ್ತದೆ. ಬೊಬ್ಬೆ ಏಳುವುದು ಒಂದೆರಡು ದಿನ ಕಳೆದ ಮೇಲೆ, ಹಾಗಾಗಿ ಕಾರಣ ಲಿಂಬೆಯೆಂದು ಬಹಳ ಸಲ ಹೊಳೆಯುವುದೇ ಇಲ್ಲ. ದಿನವಿಡೀ ಲಿಂಬೆ ಹೆಚ್ಚುವವರು ಕೈಯನ್ನು ಆಗಾಗ ಸಾಬೂನಿನಿಂದ ತೊಳೆದುಕೊಳ್ಳಬೇಕು, ನೆರಳಲ್ಲಿ ನಿಂತು ಕೆಲಸ ಮಾಡಬೇಕು.

ಸಿಹಿಯ ಲೆಕ್ಕವನ್ನೂ ಮರೆಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 100 ಮಿಲಿಲೀಟರ್ ಕಬ್ಬಿನ ಹಾಲಿನಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇದೆ. ದೊಡ್ಡವರಿಗೆ ದಿನದ ಮಿತಿ 30 ಗ್ರಾಂ. ಒಂದು ದೊಡ್ಡ ಲೋಟಕ್ಕೆ ಆ ಮಿತಿ ಮುಗಿಯಿತು. ಲಿಂಬೆ, ಶುಂಠಿ, ಪುದೀನಗಳ ಪರಿಮಳ ಚೆನ್ನಾಗಿದ್ದರೆ ಅರ್ಧ ಲೋಟದಲ್ಲೇ ಮನಸ್ಸು ತುಂಬುತ್ತದೆ ಎಂಬುದು ನನ್ನ ಅನುಭವ. ಮದ್ಯದ ವಿಷಯದಲ್ಲಿ ಮಾತು ಇನ್ನೂ ಖಡಾಖಂಡಿತ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮೇಲಿಟ್ಟ ಪುದೀನ ಅದನ್ನು ಬದಲಿಸುವುದಿಲ್ಲ. ಗಾರ್ನಿಶ್‌ನ ಸುಖಕ್ಕೆ ಮದ್ಯವೇ ಬೇಕೆಂದೂ ಇಲ್ಲ. ಕಬ್ಬಿನ ಹಾಲು, ಮಜ್ಜಿಗೆ, ಪಾನಕ, ಬರಿಯ ಸೋಡಾ ಸಾಕು.

ಈ ಬೇಸಿಗೆಯಲ್ಲಿ ಬೀಳಗಿ, ಜಮಖಂಡಿ ಕಡೆ ಹೋದರೆ ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಲ್ಲಿ. ಲಿಂಬೆಯನ್ನೂ ಶುಂಠಿಯನ್ನೂ ನಿಮ್ಮೆದುರೇ ಒಳ್ಳೆಯ ನೀರಲ್ಲಿ ತೊಳೆದು ಹೆಚ್ಚಲು ಕಾಕಾನಿಗೆ ಮರ್ಯಾದೆಯಿಂದ ಹೇಳಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬರ್ಫ ಯಾವ ನೀರಿನದೆಂದು ತಿಳಿಯದಿದ್ದರೆ ಬೇಡವೆನ್ನಿ. ಲೋಟ ಕೈಗೆ ಬಂದ ಮೇಲೆ ತಡ ಮಾಡದೆ, ಕೊಳವೆ ಇಲ್ಲದೆ, ಮೊದಲು ಒಮ್ಮೆ ಉಸಿರೆಳೆದುಕೊಂಡು ಕುಡಿಯಿರಿ.